ಲಿವರ್ ಕ್ಯಾನ್ಸರ್: ಒಪಿಡಿ ಕಲಿಸಿದ ಪಾಠಗಳು

1. ನೋವು ಬರಲಿ, ಆಮೇಲೆ ನೋಡೋಣ ಎನ್ನಬೇಡಿ. ಲಿವರಿನ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಗಡ್ಡೆ ಬೆಳೆದು ಹೊರಪೊರೆ ಬಿಗಿದಾಗಲೇ ಬಲಪಕ್ಕೆಯಡಿ ನೋವು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಚಿಕಿತ್ಸೆಯ ದಾರಿಗಳು ಬಹಳಷ್ಟು ಮುಚ್ಚಿರುತ್ತವೆ.

2. "ನಮ್ಮನೇಲಿ ಯಾರೂ ಕುಡಿಯಲ್ಲ ಡಾಕ್ಟ್ರೇ" ಎನ್ನುವವರಿಗೂ ಈ ರೋಗ ಬರುತ್ತದೆ. ಕುಡಿತದಂತೆಯೇ ಹೆಪಟೈಟಿಸ್ ಬಿ, ಸಿ ಮತ್ತು ಸಕ್ಕರೆ ಕಾಯಿಲೆಯ ಜೊತೆಗಿರುವ ಫ್ಯಾಟಿ ಲಿವರ್ ಕೂಡ ಸಿರೋಸಿಸ್‌ಗೆ (ಲಿವರ್ ಕಲೆಗಟ್ಟಿ ಗಂಟುಗಂಟಾಗುವ ಸ್ಥಿತಿ) ತಿರುಗಬಹುದು, ಅದರಿಂದ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್ ಬಿ ಅಂತೂ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ತರಬಲ್ಲದು.

3. ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಆಗಲೇಬೇಕು. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು ಇದು. ಖಾಲಿ ಹೊಟ್ಟೆಯಲ್ಲಿ ಬನ್ನಿ, ಗ್ಯಾಸ್ ಕಡಿಮೆಯಿದ್ದಷ್ಟೂ ಚಿತ್ರ ಸ್ಪಷ್ಟ. "ಉಸಿರೆಳೆದು ಹಿಡ್ಕೊಳ್ಳಿ" ಎಂದಾಗ ಲಿವರ್ ಪಕ್ಕೆಲುಬಿನ ಮರೆಯಿಂದ ಕೆಳಗಿಳಿಯುತ್ತದೆ. ಆ ಕೆಲವು ಸೆಕೆಂಡುಗಳಲ್ಲೇ ಪ್ರೋಬ್ ಓರೆ ಮಾಡಿ ಮೇಲ್ಭಾಗವನ್ನು ಹುಡುಕಬೇಕು. ಗಂಟುಗಂಟಾದ ಲಿವರಿನಲ್ಲಿ ಒಂದೂವರೆ ಸೆಂಟಿಮೀಟರಿನ ಗಡ್ಡೆ ಸುಲಭಕ್ಕೆ ಕಣ್ಣಿಗೆ ಬೀಳದು. ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಿ. ಆದರೆ ಅದೊಂದನ್ನೇ ನಂಬಬೇಡಿ, ಸಣ್ಣ ಗಡ್ಡೆ ಇದ್ದಾಗಲೂ ಅದು ಎಷ್ಟೋ ಜನರಲ್ಲಿ ನಾರ್ಮಲ್ ಬರುತ್ತದೆ.

4. ಅನುಮಾನ ಬಂದರೆ ಮುಂದಿನ ಹೆಜ್ಜೆ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐ. ಸಿರೋಸಿಸ್ ರೋಗಿಗೆ ಹೆಚ್ಚಿನ ಸಲ ಬಯಾಪ್ಸಿ ಬೇಕಾಗುವುದಿಲ್ಲ.

5. ಗಾತ್ರದ ಮೇಲೆ ಬಹಳಷ್ಟು ನಿಂತಿದೆ. ಮೂರು ಸೆಂಟಿಮೀಟರಿನೊಳಗಿನ ಗಡ್ಡೆಯನ್ನು ಸೂಜಿಯ ಮೂಲಕ ಶಾಖ ಕೊಟ್ಟು ಸುಡಬಹುದು. ಉಳಿದ ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆಯಬಹುದು. ಕಸಿಗೆ 1996ರ ಮಿಲಾನ್ ಮಾನದಂಡ ಇಂದಿಗೂ ಆಧಾರ: ಒಂದೇ ಗಡ್ಡೆಯಾದರೆ ಐದು ಸೆಂಟಿಮೀಟರ್ ಮೀರಬಾರದು, ಎರಡು ಮೂರಿದ್ದರೆ ಒಂದೊಂದೂ ಮೂರು ಸೆಂಟಿಮೀಟರಿನೊಳಗಿರಬೇಕು. ಕಸಿಯಾದರೆ ಕ್ಯಾನ್ಸರಿನ ಜೊತೆ ಸಿರೋಸಿಸ್ ಕೂಡ ಹೋಗುತ್ತದೆ. ಈ ಮಿತಿಗಳನ್ನು ಮೀರಿದವರಿಗೆ ಟೇಸ್ (ಗಡ್ಡೆಯ ರಕ್ತನಾಳಕ್ಕೇ ಔಷಧಿ ಕೊಟ್ಟು ಅದನ್ನು ಮುಚ್ಚುವ ಚಿಕಿತ್ಸೆ), ಇಮ್ಯುನೊಥೆರಪಿ ಇವೆ. ಅವು ಆಯುಸ್ಸು ಹೆಚ್ಚಿಸುತ್ತವೆ, ಪೂರ್ತಿ ಗುಣವಾಗುವವರು ಕಡಿಮೆ.

6. ಹೆಪಟೈಟಿಸ್ ಸಿ ಮಾತ್ರೆಯಿಂದ ವಾಸಿಯಾಯಿತೆಂದು ಸ್ಕ್ಯಾನ್ ನಿಲ್ಲಿಸಬೇಡಿ. ವೈರಸ್ ಹೋದರೂ ಸಿರೋಸಿಸ್ ಉಳಿದಿದ್ದರೆ ಅಪಾಯವೂ ಉಳಿದಿರುತ್ತದೆ.

7. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ದೊಡ್ಡವರು ಒಮ್ಮೆಯಾದರೂ ಹೆಪಟೈಟಿಸ್ ಬಿ, ಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.