ಗ್ರೆಗರ್ ಮೆಂಡೆಲ್ (1822–1884): ಮಠದ ತೋಟದ ವಿಜ್ಞಾನಿ

ತಳಿಶಾಸ್ತ್ರದ ಪಿತಾಮಹ ಮೆಂಡೆಲ್ ಪಾದ್ರಿಯಾಗಿದ್ದೂ ವಿಜ್ಞಾನಿಯಾದರು ಎನ್ನುವುದಕ್ಕಿಂತ, ಮಠ ಸೇರಿದ್ದರಿಂದಲೇ ವಿಜ್ಞಾನಿಯಾದರು ಎನ್ನುವುದು ಸರಿ. ರೈತನ ಮಗನಾದ ಅವರು 1843ರಲ್ಲಿ ಬ್ರನೋ ನಗರದ (ಇಂದಿನ ಜೆಕ್ ಗಣರಾಜ್ಯ) ಅಗಸ್ಟೀನಿಯನ್ ಮಠ ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದ್ದೂ, ಪ್ರಯೋಗಕ್ಕೆ ತೋಟ ಕೊಟ್ಟಿದ್ದೂ ಮಠವೇ. ಅಲ್ಲಿ 1856ರಿಂದ 1863ರವರೆಗೆ ಬಟಾಣಿಯ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಬೇರೆ ಗಿಡದ ಪರಾಗ ಸವರಿ, ಏಳು ಲಕ್ಷಣಗಳನ್ನು ಪರೀಕ್ಷಿಸಿದರು. ಎರಡನೇ ಪೀಳಿಗೆಯಲ್ಲಿ ಪ್ರಬಲ ಮತ್ತು ದುರ್ಬಲ ಲಕ್ಷಣಗಳ ನಡುವೆ 3:1 ಅನುಪಾತ ಕಂಡರು. ಪ್ರಬಂಧ 1866ರಲ್ಲಿ ಪ್ರಕಟವಾಯಿತು.

1868ರಲ್ಲಿ ಮಠಾಧಿಪತಿಯಾದ ಮೇಲೆ ಸಂಶೋಧನೆ ಕುಂಠಿತವಾಯಿತಲ್ಲ ಎಂದು ಆಕ್ಷೇಪಿಸಬಹುದು. ನಿಜ; ಆದರೆ ಅಡ್ಡಬಂದದ್ದು ಧರ್ಮಶ್ರದ್ಧೆಯಲ್ಲ, ಆಡಳಿತದ ಹೊರೆ ಮತ್ತು ಸರ್ಕಾರದೊಂದಿಗಿನ ತೆರಿಗೆ ವ್ಯಾಜ್ಯ. ಹೆಚ್ಚು ಗಮನ ಸೆಳೆಯದೆ ಉಳಿದಿದ್ದ ಮೆಂಡೆಲ್ ಅವರ ಅನುವಂಶೀಯತೆಯ ನಿಯಮಗಳು 1900ರಲ್ಲಿ ಸಸ್ಯವಿಜ್ಞಾನಿಗಳಾದ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಅವರ ಕೆಲಸದಿಂದ ಮತ್ತೆ ಬೆಳಕಿಗೆ ಬಂದವು. ಧರ್ಮ ಮತ್ತು ವಿಜ್ಞಾನ ಸದಾ ವೈರಿಗಳೆಂಬ ತೀರ್ಮಾನವನ್ನು ಈ ಬದುಕು ಒಪ್ಪುವುದಿಲ್ಲ.