ಟ್ರ್ಯಾಕ್ಟರಿನ 6 ವೋಲ್ಟೂ 12 ವೋಲ್ಟೂ

ವಿದ್ಯುತ್ತಿನ ವಿಚಾರವು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದೆಂದು ಕಲಾವಿಭಾಗದವರು ಸುಮ್ಮನಿರುವುದು ವಾಡಿಕೆ. ಆದರೆ ತೆರಕಣಾಂಬಿಯ ಸುತ್ತಣ ಬೇಸಾಯದ ಮನೆಗಳಿಂದ ಬಂದ ನಮಗೆ ಟ್ರ್ಯಾಕ್ಟರು ಅಪರಿಚಿತವೇನಲ್ಲ. ಅದಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ.

ಹಿಂದಿನ ಅನೇಕ ಟ್ರ್ಯಾಕ್ಟರುಗಳಲ್ಲಿ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ಅಮೆರಿಕದಲ್ಲಿ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂದು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು 12 ವೋಲ್ಟಿನ ಬ್ಯಾಟರಿ ಮತ್ತು ಬಲ್ಬುಗಳು. ಆದುದರಿಂದ ಹಳೆಯ ಯಂತ್ರವನ್ನು ಉಳಿಸಬಯಸುವವರು ಅದನ್ನು 12 ವೋಲ್ಟಿಗೆ ಬದಲಾಯಿಸುವುದುಂಟು. ಬ್ಯಾಟರಿಯೊಂದನ್ನೇ ಬದಲಿಸಿದರೆ ಬಲ್ಬುಗಳೂ ಕಾಯಿಲೂ ಸುಟ್ಟು, ಉಳುಮೆಯ ಹೊತ್ತಿನಲ್ಲಿ ಯಂತ್ರ ಹೊಲದ ನಡುವೆ ನಿಂತೀತು.

ನೀರಿನ ಒತ್ತಡವಿದ್ದಂತೆ ವೋಲ್ಟು. ಹರಿವಿನ ಪ್ರಮಾಣವಿದ್ದಂತೆ ಆಂಪಿಯರು. ಇವೆರಡರ ಗುಣಲಬ್ಧವೇ ವ್ಯಾಟು. 36 ವ್ಯಾಟಿನ ದೀಪವು 6 ವೋಲ್ಟಿನಲ್ಲಿ 6 ಆಂಪಿಯರ್ ಸೆಳೆದರೆ, 12 ವೋಲ್ಟಿಗೆಂದೇ ಮಾಡಿದ ಅಷ್ಟೇ ವ್ಯಾಟಿನ ದೀಪಕ್ಕೆ 3 ಆಂಪಿಯರ್ ಸಾಕು. ತಂತಿಯ ರೋಧ 0.1 ಓಮ್ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ 0.6 ವೋಲ್ಟು, ಅಂದರೆ ಹತ್ತರಲ್ಲೊಂದು ಪಾಲು, ದಾರಿಯಲ್ಲೇ ನಷ್ಟ. ಎರಡನೆಯದರಲ್ಲಿ 0.3 ವೋಲ್ಟು, ಅಂದರೆ ನಲವತ್ತರಲ್ಲೊಂದು ಪಾಲು ಮಾತ್ರ.

ಈ ತತ್ತ್ವಕ್ಕೆ ದೊಡ್ಡ ನಿದರ್ಶನವು ನಮ್ಮ ನೆರೆಯಲ್ಲೇ ಇದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಸಾಗಿದ್ದು, ಒತ್ತಡವನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದರಿಂದಲೇ.

ಇನ್ನು ಬದಲಾವಣೆಯ ಕ್ರಮ. ಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಬೇಕು. ಹಳೆಯ ಡೈನಮೊ ಬದಲು 12 ವೋಲ್ಟಿನ ಆಲ್ಟರ್ನೇಟರನ್ನು ಜೋಡಿಸಿ, ಬಲ್ಬುಗಳೆಲ್ಲವನ್ನೂ ಬದಲಿಸಬೇಕು. ಹಳೆಯ ಕಾಯಿಲನ್ನೇ ಉಳಿಸುವುದಾದರೆ ಅದರ ಸರಣಿಯಲ್ಲಿ ಒಂದು ರೋಧಕವಿರಬೇಕು. ಕಾಯಿಲಿನ ರೋಧ 1.5 ಓಮ್ ಇದ್ದರೆ ಅಷ್ಟೇ ರೋಧವನ್ನು ಸೇರಿಸಿದಾಗ ಮೊದಲಿನಂತೆ 4 ಆಂಪಿಯರೇ ಹರಿಯುತ್ತದೆ. ಆಗ ರೋಧಕದಲ್ಲಿ 24 ವ್ಯಾಟಿನಷ್ಟು ಶಾಖ ಹುಟ್ಟುವುದರಿಂದ ಅದನ್ನು ತಂತಿಗಳಿಂದ ದೂರವಿಡಬೇಕು.

ಮುಖ್ಯವಾದ ಎಚ್ಚರಿಕೆಯೊಂದಿದೆ. 8ಎನ್‌ನಲ್ಲಿ ಬ್ಯಾಟರಿಯ ಧನಾಗ್ರವು ಯಂತ್ರದ ಮೈಗೆ ಸೇರಿರುತ್ತದೆ. ಇಂದಿನ ಸಾಮಾನ್ಯ ಆಲ್ಟರ್ನೇಟರಿಗೆ ಋಣಾಗ್ರವು ಮೈಗೆ ಸೇರಬೇಕು. ಇದು ತಪ್ಪಿದರೆ ಆಲ್ಟರ್ನೇಟರಿನ ಡಯೋಡುಗಳು ಕೆಡುತ್ತವೆ. ಸ್ಟಾರ್ಟರ್ ಮೋಟಾರು ಮಾತ್ರ ಹಿಂದಿನ ದಿಕ್ಕಿನಲ್ಲೇ ತಿರುಗುತ್ತದೆ. ಅದರ ಎರಡು ಸುರುಳಿಗಳಲ್ಲಿಯೂ ಪ್ರವಾಹವು ಒಟ್ಟಿಗೆ ತಿರುಗುಮುರುಗಾಗುವುದೇ ಕಾರಣ. ಆದರೆ ಅದನ್ನು ಬಹಳ ಹೊತ್ತು ಒತ್ತಿ ಹಿಡಿಯಬಾರದು.

ಇದೆಲ್ಲ ನಾವು ಪ್ರೌಢಶಾಲೆಯಲ್ಲೇ ಓದಿದ ಓಮನ ನಿಯಮ. ಪರೀಕ್ಷೆಗೆಂದು ಕಲಿತದ್ದನ್ನು ಮನೆಯವರ ಯಂತ್ರದ ಮುಂದೆ ನಿಂತು ವಿವರಿಸಬಲ್ಲೆವಾದರೆ, ನಮ್ಮನ್ನು ಓದಲು ಕಳಿಸಿದವರ ಶ್ರಮವೂ ಸಾರ್ಥಕವೆನ್ನಬಹುದು.