ಐಟರ್ ಡೈವರ್ಟರ್ ಮತ್ತು ಸಾಲ್ಪ್ಸ್-ಐಟರ್: ಪರೀಕ್ಷಾ ಟಿಪ್ಪಣಿ

ದಕ್ಷಿಣ ಫ್ರಾನ್ಸಿನ ಕಡರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ಐಟರ್ ಒಂದು ಟೋಕಮಾಕ್, ಅಂದರೆ ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾ ಹಿಡಿದಿಡುವ ಸಮ್ಮಿಲನ ಯಂತ್ರ. ಭಾರತವೂ ಸೇರಿ 7 ಸದಸ್ಯರು. 50 ಮೆಗಾವಾಟ್ ಊಡಿ 500 ಮೆಗಾವಾಟ್ ಸಮ್ಮಿಲನ ಶಕ್ತಿ ಪಡೆಯುವುದು ಗುರಿ. ಇಷ್ಟು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಕಠಿಣ ಪ್ರಶ್ನೆ ಶಾಖ ಹೊರಹಾಕುವುದು.

ಪ್ಲಾಸ್ಮಾದ ಅಂಚು ದಾಟಿದ ಕಣಗಳು ಕಾಂತರೇಖೆಗಳ ಗುಂಟ ಹರಿದು ತಳದ ಡೈವರ್ಟರ್‌ಗೆ ಬಡಿಯುತ್ತವೆ. ಹರಿವಿನ ಪದರ ಕೆಲವೇ ಮಿಲಿಮೀಟರ್ ದಪ್ಪ. ಆದ್ದರಿಂದ ಶಾಖ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ಡೈವರ್ಟರ್‌ನಲ್ಲಿ 54 ಕ್ಯಾಸೆಟ್‌ಗಳು, ಹೊದಿಕೆ ಟಂಗ್‌ಸ್ಟನ್ (ಪರಮಾಣು ಸಂಖ್ಯೆ 74, ಕರಗುವ ಬಿಂದು ಸುಮಾರು 3,422 ಡಿಗ್ರಿ ಸೆಲ್ಸಿಯಸ್). ಅದು ಸತತವಾಗಿ ತಡೆಯಬೇಕಾದದ್ದು ಚದರ ಮೀಟರಿಗೆ ಸುಮಾರು 10 ಮೆಗಾವಾಟ್, ಅಲ್ಪಾವಧಿಗೆ 20.

ಅಂಚಿಗೆ ನಿಯಾನ್ ಬಿಟ್ಟರೆ ಶಾಖ ಬೆಳಕಾಗಿ ಚದುರಿ, ಪ್ಲಾಸ್ಮಾ ಫಲಕ ಮುಟ್ಟುವ ಮೊದಲೇ ತಣಿಯುತ್ತದೆ. ಈ ಸ್ಥಿತಿಯೇ ಡಿಟ್ಯಾಚ್‌ಮೆಂಟ್. ಅನಿಲ ಹೆಚ್ಚಾದರೆ ಒಳಗಿನ ಪ್ಲಾಸ್ಮಾವೂ ಕೆಡುತ್ತದೆ. ಎಷ್ಟು ಬಿಡಬೇಕೆಂಬುದು ಯಂತ್ರ ಓಡುವ ಮೊದಲೇ ತಿಳಿಯಬೇಕು. ಅದಕ್ಕೇ ಸಾಲ್ಪ್ಸ್-ಐಟರ್ ಸಿಮ್ಯುಲೇಶನ್. ಇದರಲ್ಲಿ ಎರಡು ಕೋಡ್‌ಗಳಿವೆ: ಬಿ2.5 ಪ್ಲಾಸ್ಮಾವನ್ನು ಹರಿಯುವ ದ್ರವದಂತೆ ಲೆಕ್ಕಹಾಕುತ್ತದೆ. ಜರ್ಮನಿಯ ಯೂಲಿಶ್‌ನಲ್ಲಿ ರೂಪುಗೊಂಡ ಐರೀನ್, ತಟಸ್ಥ ಕಣಗಳನ್ನು ಮಾಂಟೆ ಕಾರ್ಲೊ ವಿಧಾನದಿಂದ ಹಿಂಬಾಲಿಸುತ್ತದೆ. ಎರಡರ ಹೆಸರು ಅದಲುಬದಲಾಗದಿರಲಿ.

ಭಾರತದ ಪ್ರಮುಖ ಕೊಡುಗೆ ಕ್ರಯೋಸ್ಟಾಟ್, ಡೈವರ್ಟರ್ ಅಲ್ಲ. ನಮ್ಮ ಟೋಕಮಾಕ್‌ಗಳಾದ ಆದಿತ್ಯ-ಯು ಮತ್ತು ಎಸ್‌ಎಸ್‌ಟಿ-1 ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿವೆ.